ಹೂವಿನಲ್ಲಿರುವ ತೊಗರಿಗೆ ರೊಕ್ಕ ಕೊಡುವ ಮುಂಚೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಮಧ್ಯಾಹ್ನದ ಬಿಸಿಲಿಗೆ ಗಿರಾಕಿ ಬರುವುದಿಲ್ಲ, ಆಗ ಕಂಪ್ಯೂಟರ್‌ನಲ್ಲಿ ಆಟ ಆಡುತ್ತೇನೆ. ಹೋದ ವಾರ ಅಕ್ಕನ ಮಗ ಫೋನ್ ಹಿಡಿದುಕೊಂಡು ಬಂದ. "ಮಾಮಾ, ಹೊಸ ಆನ್‌ಲೈನ್ ಆರ್‌ಪಿಜಿ ಬರ್ಲಿಕತ್ತದ. ನಾಕು ಸಾವಿರ ಹಾಕಿದ್ರ ಊರಾಗ ಒಂದು ಮನಿ ಕೊಡ್ತಾರಂತ. ಹಾಕ್ಲೇನು?" ಆರ್‌ಪಿಜಿ ಅಂದರೆ ಒಂದು ಪಾತ್ರವಾಗಿ ಆಡುವ ಆಟ, ಊರು ಅಂದರೆ ಆ ಆಟದೊಳಗಿನ ಊರು. ಅದನ್ನು ಇನ್ನೂ ಯಾರೂ ಕಟ್ಟಿಲ್ಲ!

2018ರಲ್ಲಿ ನಾನೂ ಇಂಥದ್ದೊಂದಕ್ಕೆ ₹3,200 ಹಾಕಿದ್ದೆ. ಸಿಕ್ಕಿದ್ದು ಒಂದು ವಾಲ್‌ಪೇಪರ್. ಎರಡು ವರ್ಷ ತಿಂಗಳಿಗೊಂದು ಮೇಲ್ ಬಂತು, ಆಮೇಲೆ ಅದೂ ನಿಂತಿತು. ಆಗಿನಿಂದ ಹೀಗೆ ನೋಡುವುದು ರೂಢಿಯಾಗಿದೆ.

ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ, ಇದು ಖರೀದಿ ಅಲ್ಲ. ನಮ್ಮಪ್ಪ ತೊಗರಿ ಬೆಳೆಯುತ್ತಾರೆ. ಹೂವು ಚೆನ್ನಾಗಿದೆ ಅಂತ ಯಾವ ವ್ಯಾಪಾರಿಯೂ ಪೂರ್ತಿ ದುಡ್ಡು ಎಣಿಸುವುದಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂದರೆ ಗಿಡ ನಿಂತಲ್ಲೇ ಒಣಗುತ್ತದೆ. ಇಂಥ ಆಟಗಳಿಗೆ ಜನರಿಂದ ಮೊದಲೇ ದುಡ್ಡು ಎತ್ತಿಕೊಡುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್ ಕೂಡ ತಾನು ಅಂಗಡಿಯಲ್ಲ ಅಂತಲೇ ಹೇಳುತ್ತದೆ. ಆಟ ಬರದಿದ್ದರೆ ಅದು ದುಡ್ಡು ವಾಪಸ್ ಕೊಡುವುದಿಲ್ಲ.

ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿ. ಅಳಿಯ ತೋರಿಸಿದ ತಂಡದಲ್ಲಿ 20 ಜನ, ಕೇಳಿದ್ದು 5 ಲಕ್ಷ ಡಾಲರ್, ಕೊಟ್ಟ ಗಡುವು ಎರಡು ವರ್ಷ. ಕಿಕ್‌ಸ್ಟಾರ್ಟರ್‌ನ 5% ಮತ್ತು ಕಾರ್ಡ್ ಖರ್ಚು ಕಳೆದರೆ ನಾಲ್ಕೂವರೆ ಲಕ್ಷ ಉಳಿಯಿತು ಅನ್ನಿ. ತಲೆಗೆ ತಿಂಗಳಿಗೆ 5,000 ಡಾಲರ್ ಹಿಡಿದರೂ ತಿಂಗಳ ಸಂಬಳವೇ ಒಂದು ಲಕ್ಷ. ಅಂದರೆ ನಾಲ್ಕೂವರೆ ತಿಂಗಳು. ಉಳಿದ ಹತ್ತೊಂಬತ್ತೂವರೆ ತಿಂಗಳಿಗೆ ಯಾರು ಕೊಡುತ್ತಾರೆ? ಬೇರೆ ಬಂಡವಾಳ ಇದ್ದರೆ ಪುಟದಲ್ಲಿ ಬರೆದಿರಬೇಕು. ಬರೆದಿಲ್ಲ ಅಂದರೆ ಕೇಳಿ. "ನಮ್ಮ ಮೇಲೆ ನಂಬಿಕೆ ಇಡಿ" ಅಂದರೆ ಅದು ಉತ್ತರ ಅಲ್ಲ, ಅಲ್ವಾ?

ಗಡುವನ್ನಂತೂ ನಂಬಬೇಡಿ. ಸ್ಟಾರ್ ಸಿಟಿಜನ್ ಅನ್ನುವ ಆಟ 2012ರಲ್ಲಿ ದುಡ್ಡು ಎತ್ತಿತು, 2014ಕ್ಕೆ ಬರುತ್ತೇವೆ ಅಂದಿತ್ತು. ಆಮೇಲೆ 50 ಕೋಟಿ ಡಾಲರ್ ದಾಟಿದರೂ ಆಲ್ಫಾದಲ್ಲೇ, ಅಂದರೆ ಅರೆಬರೆ ಪರೀಕ್ಷೆಯ ಹಂತದಲ್ಲೇ ಇತ್ತು. ಕ್ರಾನಿಕಲ್ಸ್ ಆಫ್ ಎಲಿರಿಯಾ 2016ರಲ್ಲಿ 13 ಲಕ್ಷ ಡಾಲರ್‌ಗೂ ಜಾಸ್ತಿ ಕೂಡಿಸಿತ್ತು. 2020ರ ಮಾರ್ಚ್‌ನಲ್ಲಿ ಕೆಲಸಗಾರರನ್ನು ಕೆಲಸದಿಂದಲೇ ತೆಗೆದರು. ಕ್ರೌಫಾಲ್ ಮಾತ್ರ 2021ರಲ್ಲಿ ಬಂತು, 2022ರ ನವೆಂಬರ್‌ನಲ್ಲಿ ಸರ್ವರ್, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರ್, ಮುಚ್ಚಿತು. ಆನ್‌ಲೈನ್ ಆಟದ ಗೋಳು ಇದೇ. ಒಬ್ಬರೇ ಆಡುವ ಆಟವಾದರೆ ಕಂಪನಿ ಮುಳುಗಿದರೂ ನಮ್ಮ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಇಲ್ಲಿ ಸರ್ವರ್ ಹೋಯಿತೋ, ಮನೆಯೂ ಇಲ್ಲ, ಕತ್ತಿಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯ ವಿಡಿಯೋ. ಬೆಟ್ಟ, ಡ್ರ್ಯಾಗನ್, ಸಂಗೀತ ಎಲ್ಲ ಬಿಡಿ. ಸುಂದರ ಬೆಟ್ಟ ಮಾಡುವುದು ಈಗ ದೊಡ್ಡ ಮಾತಲ್ಲ. ಇನ್ನೂರು ಜನ ಒಂದೇ ಕಡೆ ಹೊಡೆದಾಡುವಾಗ ಸರ್ವರ್ ತಡೆದುಕೊಳ್ಳುವುದೇ ಕಷ್ಟದ ಕೆಲಸ. ಅದಕ್ಕೇ ಕತ್ತರಿ ಹಾಕದ, ಅರ್ಧ ತಾಸಿನ ಆಟದ ವಿಡಿಯೋ ಹುಡುಕಿ. ಬೇರೆ ಆಟಗಾರರ ಹೆಸರು ತಲೆ ಮೇಲೆ ಕಾಣುತ್ತವಾ? ಓಡುತ್ತಿದ್ದವನು ಥಟ್ಟನೆ ಹಿಂದಕ್ಕೆ ಜಿಗಿಯುತ್ತಾನಾ? ಹೊಡೆದ ಏಟು ಎಷ್ಟು ಹೊತ್ತಿಗೆ ತಗಲುತ್ತದೆ? ಜೊತೆಗೆ ಸರ್ವರ್ ಎಲ್ಲಿಡುತ್ತಾರೆ ಅಂತಲೂ ಕೇಳಿ. ಅಮೆರಿಕದಲ್ಲಿ ಮಾತ್ರ ಇದ್ದರೆ ಕಲಬುರಗಿಯಿಂದ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಹೊತ್ತು) 200 ಮಿಲಿಸೆಕೆಂಡ್ ದಾಟುತ್ತದೆ, ನೀವು ಕತ್ತಿ ಎತ್ತುವಷ್ಟರಲ್ಲಿ ಸತ್ತಿರುತ್ತೀರಿ.

ಇಷ್ಟಾದ ಮೇಲೂ ಮನಸ್ಸಿದ್ದರೆ ಎಲ್ಲಕ್ಕಿಂತ ಸಣ್ಣ ಪ್ಯಾಕ್ ಸಾಕು. ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಬೇಕು, ದುಡ್ಡು ಹೋದ ಕೂಡಲೇ ಆಫ್ ಮಾಡಿ. ಡಾಲರ್ ಬದಲಾವಣೆಗೆ ಬ್ಯಾಂಕ್ ತನ್ನ ಪಾಲು ತೆಗೆದುಕೊಳ್ಳುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟಿ ಅವಧಿ ಮುಗಿದ ಮೇಲೆಯೇ ಕಾರ್ಡ್‌ನಿಂದ ದುಡ್ಡು ಹೋಗುವುದು. ಹಾಗಾಗಿ ಮೊದಲ ದಿನವೇ ಓಡುವ ಅವಸರ ಬೇಡ. "ಮೊದಲ 500 ಜನಕ್ಕೆ ಮಾತ್ರ" ಅನ್ನುವುದು ಸುಮ್ನೆ ಅವಸರ ಹುಟ್ಟಿಸುವ ಮಾತು.

ಅಳಿಯ ಲೆಕ್ಕವನ್ನೆಲ್ಲ ಕೆಟ್ಟುಹೋದ ಝೆರಾಕ್ಸ್ ಹಾಳೆಯ ಹಿಂದೆ ಬರೆದ. ಮೂರು ನಿಮಿಷದ ವಿಡಿಯೋವನ್ನು ಎರಡು ಸಲ ನೋಡಿದ. ಮೂರನೇ ಸಲಕ್ಕೆ ಬೆರಳಿಟ್ಟು ನಿಲ್ಲಿಸಿದ.

"ಮಾಮಾ, ಇಡೀ ಊರಾಗ ಇವ ಒಬ್ಬನೇ ಅಡ್ಡಾಡಲಿಕತ್ತಾನ."

"ಮುಗಿಯಾಕ ಎಷ್ಟು ದಿನ ಅದ?"

"ಹನ್ನೊಂದು."

ಹತ್ತನೇ ದಿನಕ್ಕೆ ಫೋನ್‌ನಲ್ಲಿ ಅಲಾರಂ ಇಟ್ಟುಕೊಂಡು ಹೋದ.