ಕ್ಲಬ್ಬಿನ ವರ್ಷದ ದೇಣಿಗೆ ಹಂಚೋದು ಹೇಗೆ, ದಾಕ್ಷಿಣ್ಯಕ್ಕೆ ಸಿಗಾಕ್ಕೊಳ್ದೆ

ವರ್ಷಕ್ಕೊಂದ್ಸಲ ಕ್ಲಬ್ ದುಡ್ಡಲ್ಲಿ ಯಾವ್ದಾದ್ರೂ ಒಳ್ಳೇ ಕೆಲ್ಸಕ್ಕೆ ಕೊಡೋಣ ಅಂತ ಮೀಟಿಂಗಲ್ಲಿ ಯಾರಾದ್ರೂ ಎದ್ದು ಹೇಳಿದ್ರೆ ಎಲ್ರೂ ಚಪ್ಪಾಳೆ ತಟ್ತಾರೆ. ತಲೆನೋವು ಶುರುವಾಗೋದು ಯಾರಿಗೆ, ಎಷ್ಟು ಅಂತ ಕೂತಾಗ. ನಾನು ಇಂಥ ಕಮಿಟಿಲಿ ಸುಮಾರು ವರ್ಷ ಕೂತಿದೀನಿ, ಮೊದಲ್ನೇ ಸಲ ನಾವು ಮಾಡಿದ ತಪ್ಪು ಏನಂದ್ರೆ ಮೊದ್ಲು ಅರ್ಜಿ ಬರ್ಲಿ ಆಮೇಲೆ ನೋಡೋಣ ಅಂದಿದ್ದು. ಬಂದ ಅರ್ಜಿಗಳನ್ನೆಲ್ಲಾ ಓದಿದ್ರೆ ಕಣ್ಣಲ್ಲಿ ನೀರು ಬರೋ ಕಥೆ, ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ಕೊನೆಗೆ ಎಲ್ರಿಗೂ ಚೂರುಚೂರು ಹಂಚಿ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಯ್ತು. ಅದಕ್ಕೇ ಹೇಳ್ತಿರೋದು, ಒಂದೇ ಒಂದು ಅರ್ಜಿ ತೆಗೆಯೋ ಮುಂಚೆನೇ ಎಷ್ಟು ದುಡ್ಡು, ಎಷ್ಟು ಜನಕ್ಕೆ, ಯಾವ ಥರದ ಕೆಲ್ಸಕ್ಕೆ, ಈ ಮೂರನ್ನೂ ಬರೆದು ಕ್ಲಬ್ಬಿನ ಆಡಳಿತ ಮಂಡಳಿ ಕೈಲಿ ಸೈನ್ ಹಾಕಿಸ್ಕೊಂಬಿಡಿ.

ಮೊದ್ಲು ದುಡ್ಡು. ಮೆಂಬರ್‌ಶಿಪ್ ಫೀಸು ಬೇರೆ, ಜನರ ಹತ್ರ ಇಂಥ ಸೇವೆಗೆ ಅಂತ ಹೇಳಿ ಎತ್ತಿದ ದುಡ್ಡು ಬೇರೆ, ಎರಡನ್ನೂ ಒಂದೇ ಅಕೌಂಟಲ್ಲಿ ಇಡ್ಬೇಡಿ. ಲಯನ್ಸ್ ಕ್ಲಬ್‌ಗಳಲ್ಲಿ ಇದು ನಿಯಮಾನೇ, ಸಾರ್ವಜನಿಕರಿಂದ ಬಂದಿದ್ದು ಸಾರ್ವಜನಿಕ ಕೆಲ್ಸಕ್ಕೆ ವಾಪಸ್ ಹೋಗ್ಬೇಕು ಅಂತ. ಇನ್ನೊಂದು, ಈ ವರ್ಷ ಬರಬಹುದು ಅನ್ನೋ ದುಡ್ಡನ್ನ ಈ ವರ್ಷವೇ ಯಾರಿಗೂ ಮಾತು ಕೊಡ್ಬೇಡಿ, ಹೋದ ವರ್ಷ ಕೈಗೆ ಬಂದಿದ್ದನ್ನ ಹಂಚಿ. ರೋಟರಿ ಕ್ಲಬ್‌ಗಳ ದತ್ತಿ ಸಂಸ್ಥೆ ರೋಟರಿ ಫೌಂಡೇಶನ್ ತನ್ನ ವಾರ್ಷಿಕ ನಿಧಿಗೆ ಬಂದ ದೇಣಿಗೆನ ಮೂರು ವರ್ಷ ಹೂಡಿಕೆ ಮಾಡಿಟ್ಟು ಆಮೇಲೆ ಅದ್ರಲ್ಲಿ ಒಂದು ಪಾಲನ್ನ ಡಿಸ್ಟ್ರಿಕ್ಟ್‌ಗಳ, ಅಂದ್ರೆ ಒಂದೊಂದು ಪ್ರದೇಶದ ಕ್ಲಬ್‌ಗಳ ಗುಂಪಿನ, ಗ್ರಾಂಟ್‌ಗೆ ಬಿಡೋದು. ನಿಮಗೆ ಅಷ್ಟೆಲ್ಲಾ ಬೇಡ, ಒಂದು ವರ್ಷ ಹಿಂದೆ ಇದ್ರೆ ಸಾಕು, ಖಜಾಂಚಿ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ. ದುಡ್ಡು ಕಮ್ಮಿ ಇದೆ ಅಂತ ನಾಚ್ಕೊಳ್ಳೋದೂ ಬೇಡ, ಅದೇ ರೋಟರಿ ಫೌಂಡೇಶನ್‌ಗೆ ಮೊದಲು ಬಂದಿದ್ದು ಅಮೆರಿಕದ ಕನ್ಸಾಸ್ ಸಿಟಿ ರೋಟರಿ ಕ್ಲಬ್ ಕೊಟ್ಟ 26 ಡಾಲರ್ 50 ಸೆಂಟ್, 1918ರಲ್ಲಿ.

ಎಷ್ಟು ಜನಕ್ಕೆ? ನನ್ನ ಕೇಳಿದ್ರೆ ಮೂರು, ಜಾಸ್ತಿ ಅಂದ್ರೆ ನಾಲ್ಕು. ಅಮೆರಿಕದ ಮಿಷಿಗನ್‌ನ ಜಾಕ್ಸನ್ ಅನ್ನೋ ಊರಲ್ಲಿ 2006ರಲ್ಲಿ ಶುರುವಾದ ಒಂದು ಪದ್ಧತಿ ಇದೆ, ನೂರು ಹೆಂಗಸ್ರು ಸೇರೋದು, ಒಬ್ಬೊಬ್ರು ನೂರು ಡಾಲರ್ ಹಾಕೋದು, ಒಂದು ಗಂಟೆ ಮೀಟಿಂಗ್, ಮತ ಹಾಕಿ ಅಷ್ಟೂ ದುಡ್ಡು ಒಂದೇ ಸಂಸ್ಥೆಗೆ. ಈಗ ಬೇಕಾದಷ್ಟು ಊರಲ್ಲಿ ಇದನ್ನ ಕಾಪಿ ಹೊಡೆದಿದಾರೆ, ನಂಗೂ ಇಷ್ಟ, ಆದ್ರೆ ಬರೀ ಮತಕ್ಕೆ ಬಿಟ್ರೆ ಒಂದು ತೊಂದ್ರೆ ಇದೆ. ಮಕ್ಕಳು, ನಾಯಿಮರಿ, ಕ್ಯಾನ್ಸರ್ ಅಂದ ತಕ್ಷಣ ಕೈ ಎತ್ತೋರು ಜೈಲಿಂದ ಬಿಡುಗಡೆ ಆದೋರಿಗೆ ಕೆಲ್ಸ ಕಲಿಸ್ತೀವಿ ಅಂದ್ರೆ, ಕುಡಿತ ಬಿಡಿಸೋ ಕೇಂದ್ರಕ್ಕೆ ಟಾಯ್ಲೆಟ್ ಕಟ್ಟಿಸ್ತೀವಿ ಅಂದ್ರೆ ಆಕಡೆ ಈಕಡೆ ನೋಡ್ತಾರೆ. ಅದಕ್ಕೆ ನಾವು ಮಾಡ್ಕೊಂಡ ವ್ಯವಸ್ಥೆ ಏನಂದ್ರೆ ಒಂದು ಗ್ರಾಂಟನ್ನ ಎಲ್ಲಾ ಮೆಂಬರ್ಸ್ ಮತಕ್ಕೆ ಬಿಡೋದು, ಉಳಿದಿದ್ದನ್ನ ಕಮಿಟಿ ಕೂತು ತೀರ್ಮಾನ ಮಾಡೋದು.

ಅರ್ಜಿ ಫಾರ್ಮ್ ಎರಡು ಪುಟಕ್ಕಿಂತ ಜಾಸ್ತಿ ಬೇಡ. ಸಣ್ಣ ದೇಣಿಗೆಗೆ ಇಪ್ಪತ್ತು ಪುಟ ತುಂಬಿಸಿದ್ರೆ ಇಂಗ್ಲಿಷ್ ಚೆನ್ನಾಗಿ ಬರೋ ಸಂಸ್ಥೆಗಳು ಮಾತ್ರ ಉಳ್ಕೊಳ್ತವೆ, ಕೆಲ್ಸ ಮಾಡೋರು ಹೊರಗೆ. ಏನ್ ಮಾಡ್ತೀರಿ, ಯಾರಿಗೆ ಉಪಯೋಗ, ಒಟ್ಟು ಖರ್ಚೆಷ್ಟು, ಮಿಕ್ಕಿದ್ದು ಎಲ್ಲಿಂದ ತರ್ತೀರಿ, ನೋಂದಣಿ ಪತ್ರ, ಹೋದ ವರ್ಷದ ಆಡಿಟ್ ಆದ ಲೆಕ್ಕ. ಇದ್ರ ಜೊತೆ ಒಂದು ಪ್ರಶ್ನೆ ಮರೀಬೇಡಿ: ನೀವು ಕೇಳಿದ್ರಲ್ಲಿ ಅರ್ಧ ಮಾತ್ರ ಕೊಟ್ರೆ ಏನ್ ಮಾಡ್ತೀರಿ? ಲೆಕ್ಕ ಹಾಕ್ಕೊಂಡು ಬಂದೋರು ಒಂದೇ ಸಾಲಲ್ಲಿ ಉತ್ರ ಕೊಡ್ತಾರೆ, ಸುಮ್ನೆ ಒಂದು ರೌಂಡ್ ನಂಬರ್ ಬರೆದೋರು ತಡಬಡಾಯಿಸ್ತಾರೆ.

ಇನ್ನು ಸಂಬಳ, ಬಾಡಿಗೆ, ಕರೆಂಟ್ ಬಿಲ್‌ಗೆ ಕೊಡಲ್ಲ ಅಂತ ಷರತ್ತು ಹಾಕೋ ಕ್ಲಬ್‌ಗಳೇ ಜಾಸ್ತಿ. ಎಲ್ರಿಗೂ ಬೇಕಾಗಿರೋದು ಕ್ಲಬ್ ಹೆಸರು ಬರೆಸಿದ ವಸ್ತು. ಕಂಪ್ಯೂಟರ್ ಕೊಟ್ರು, ಫೋಟೋ ಆಯ್ತು, ಕಲಿಸೋ ಮೇಷ್ಟ್ರಿಗೆ ಸಂಬಳ ಇಲ್ದೆ ರೂಮಿಗೆ ಬೀಗ. ದಯವಿಟ್ಟು ನಡೆಸೋ ಖರ್ಚಿಗೂ ಕೊಡಿ ಮಾರಾಯ್ರೆ.

ಈಗ ಎಲ್ಲಕ್ಕಿಂತ ಕಷ್ಟದ್ದು, ದಾಕ್ಷಿಣ್ಯ. ಅರ್ಜಿ ಹಾಕಿರೋ ಟ್ರಸ್ಟಲ್ಲಿ ನಮ್ಮ ಮೆಂಬರ್‌ದೇ ಭಾಮೈದ ಇರ್ತಾನೆ, ಇಲ್ಲಾ ಹಿಂದಿನ ಪ್ರೆಸಿಡೆಂಟ್ ಸ್ನೇಹಿತ್ರು ಇರ್ತಾರೆ, ಯಾರೂ ಬಾಯಿಬಿಟ್ಟು ಏನೂ ಹೇಳಲ್ಲ, ಆದ್ರೂ ಎಲ್ರಿಗೂ ಗೊತ್ತಿರತ್ತೆ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಹಾಗಾಗಿ ಅರ್ಜಿಗಳ ಪಟ್ಟಿ ಬಂದ ದಿನಾನೇ ಕಮಿಟಿಲಿರೋ ಒಬ್ಬೊಬ್ರೂ ತಮಗೆ ಯಾರ ಜೊತೆ ಏನು ಸಂಬಂಧ ಅಂತ ಬರೆದು ಕೊಡ್ಬೇಕು, ಆ ಅರ್ಜಿ ಚರ್ಚೆಗೆ ಬಂದಾಗ ಸುಮ್ನೆ ಕೂತಿರ್ತೀನಿ, ಮತ ಹಾಕಲ್ಲ ಅಂದ್ರೆ ಸಾಲ್ದು, ಎದ್ದು ರೂಮಿಂದ ಆಚೆ ಹೋಗ್ಬೇಕು, ಹೋಗಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗ್ಬೇಕು. ಅವ್ರು ಎದುರಿಗೇ ಕೂತಿದ್ರೆ ಬೇರೆಯೋರು ಬಾಯಿ ಬಿಡಲ್ಲ, ಅಷ್ಟೇ ವಿಷ್ಯ. ಮೊದಲ್ನೇ ಸಲ ಮುಖ ದಪ್ಪ ಮಾಡ್ಕೊಳ್ತಾರೆ, ಎರಡ್ನೇ ವರ್ಷಕ್ಕೆ ಅವ್ರೇ ಎದ್ದು ಹೋಗ್ತಾರೆ.

ಅರ್ಜಿಗಳಿಗೆ ಅಂಕ ಹಾಕೋದನ್ನೂ ಕಮಿಟಿಯೋರು ಮನೇಲಿ ಒಬ್ಬೊಬ್ರೇ ಕೂತು ಮಾಡ್ಕೊಂಡು ಬರ್ಬೇಕು. ಮೀಟಿಂಗಲ್ಲೇ ಶುರು ಮಾಡಿದ್ರೆ ಹಿರಿಯರೊಬ್ರು ಮೊದ್ಲು ಮಾತಾಡ್ತಾರೆ, ಮಿಕ್ಕೋರದ್ದು ಗೋಣು ಆಡಿಸೋ ಕೆಲ್ಸ. ಎಲ್ರೂ ಹೆಚ್ಚುಕಮ್ಮಿ ಒಂದೇ ಅಂಕ ಕೊಟ್ಟಿರೋದನ್ನ ಮತ್ತೆ ಎಳೀಬೇಡಿ, ಒಬ್ರು ಒಂಬತ್ತು ಇನ್ನೊಬ್ರು ಎರಡು ಕೊಟ್ಟಿರ್ತಾರಲ್ಲ, ಅದನ್ನ ಮಾತ್ರ ಚರ್ಚೆ ಮಾಡಿ. ಕೊನೇಲಿ ಉಳಿದ ಐದಾರು ಕಡೆಗೆ ಇಬ್ರು ಹೋಗಿ ನೋಡ್ಕೊಂಡು ಬರ್ಲಿ, ಹೋದಾಗ ಹಾರ ತುರಾಯಿ ಬೇಡ ಅಂತ ಮೊದ್ಲೇ ಫೋನ್ ಮಾಡಿ ಹೇಳ್ಬಿಡಿ.

ದುಡ್ಡು ಕೊಡೋದು ಸಂಸ್ಥೆ ಹೆಸರಲ್ಲಿರೋ ಬ್ಯಾಂಕ್ ಅಕೌಂಟಿಗೆ ಮಾತ್ರ, ವ್ಯಕ್ತಿ ಹೆಸರಿಗೆ ಯಾವ ಕಾರಣಕ್ಕೂ ಬೇಡ, ಅವ್ರು ಎಷ್ಟೇ ದೊಡ್ಡ ಮನುಷ್ಯರಾಗಿರ್ಲಿ. ದೊಡ್ಡ ಮೊತ್ತ ಆದ್ರೆ ಎರಡು ಕಂತು. ಒಂದು ಪುಟದ ಪತ್ರ ಮಾಡಿ, ಯಾವ ಕೆಲ್ಸಕ್ಕೆ, ಯಾವಾಗಿನೊಳಗೆ, ಮಿಕ್ಕಿದ್ರೆ ವಾಪಸ್ ಕೊಡ್ಬೇಕು, ವರದಿ ಯಾವಾಗ, ಇಷ್ಟು ಸಾಕು. ಚೆಕ್‌ಗೆ ಇಬ್ರ ಸಹಿ ಇರ್ಲಿ, ಕಾಗದಪತ್ರ ಎಲ್ಲಾ ಕನಿಷ್ಠ ಐದು ವರ್ಷ ಇಟ್ಕೊಳ್ಳಿ, ರೋಟರಿ ಗ್ರಾಂಟ್‌ಗೂ ಇದೇ ನಿಯಮ. ವರದಿ ಜೊತೆ ಫೋಟೋ ಕೇಳೋದಾದ್ರೆ ಕೆಲ್ಸದ ಫೋಟೋ ಕೇಳಿ, ದುಡ್ಡು ತಗೊಂಡೋರನ್ನ ಸಾಲಾಗಿ ನಿಲ್ಸಿದ ಫೋಟೋ ಅಲ್ಲ.

ಸಿಗದೇ ಇದ್ದೋರಿಗೆ ವಾರದೊಳಗೆ ತಿಳಿಸಿ, ಯಾಕೆ ಆಗ್ಲಿಲ್ಲ ಅಂತ ಒಂದು ಸಾಲು ನಿಜ ಬರೀರಿ. ಮುಂದಿನ ವರ್ಷ ನೋಡೋಣ ಅಂತ ಬಾಯಿಮಾತಿಗೆ ಹೇಳ್ಬೇಡಿ, ಅವ್ರು ಅದನ್ನ ನಂಬ್ಕೊಂಡು ಮತ್ತೆ ಎರಡು ಪುಟ ತುಂಬಿಸ್ತಾ ಕೂರ್ತಾರೆ. ಹಾಗೇ ಸಿಕ್ಕಿದೋರಿಗೂ ಮೊದ್ಲೇ ಹೇಳಿ, ಸತತ ಮೂರು ವರ್ಷ ಕೊಟ್ಮೇಲೆ ಒಂದು ವರ್ಷ ಗ್ಯಾಪ್ ಅಂತ, ಮತ್ತೆ ಆ ಗ್ಯಾಪ್ ಯಾವ ವರ್ಷ ಬೀಳತ್ತೆ ಅನ್ನೋದನ್ನ ಮೊದಲ್ನೇ ಪತ್ರದಲ್ಲೇ ಹಾಕಿ, ಇಲ್ಲಾಂದ್ರೆ ನಿಮ್ಮ ದುಡ್ಡು ಬಂದೇ ಬರತ್ತೆ ಅಂತ ಅವ್ರು ಬಜೆಟ್ ಮಾಡ್ಕೊಂಡಿರ್ತಾರೆ.