ಹಸಿ ಗೋಡೆಗೆ ಬಣ್ಣ ಬಳಿದು ಮನೆ ಮಾರಲು ಹೊರಟಿದ್ದೆ

ಮನೆ ಮಾರೋಣ ಅಂತ ತೀರ್ಮಾನವಾದ ವಾರವೇ ನಾನು ಬಣ್ಣದವರನ್ನು ಕರೆಸಿದೆ. ಎಲ್ಲರೂ ಅದನ್ನೇ ಮಾಡೋದು, ಅಲ್ವಾ? ಎರಡು ಕೋಟ್ ಬಿದ್ದರೆ ಮನೆ ಹೊಸದಾಗಿ ಕಾಣುತ್ತದೆ, ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಅನ್ನೋ ಲೆಕ್ಕ. ಹಾಲ್‌ನ ಒಂದು ಗೋಡೆಯಲ್ಲಿ, ನೆಲದಿಂದ ಮೊಣಕಾಲೆತ್ತರದವರೆಗೆ, ಬಣ್ಣ ಸಿಪ್ಪೆ ಏಳುತ್ತಿತ್ತು. ಅದನ್ನು ಕೆರೆಸಿ, ಪುಟ್ಟಿ ಮೆತ್ತಿಸಿ, ಮೇಲೆ ಬಣ್ಣ ಹೊಡೆಸಿದೆ. ಗೋಡೆ ನುಣ್ಣಗೆ ಕನ್ನಡಿ ಥರ ಆಯಿತು.

ಮೂರನೇ ವಾರಕ್ಕೆ ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು. ಆಕೆ ಆ ಗೋಡೆ ಹತ್ತಿರ ಬಗ್ಗಿ, ಸಣ್ಣ ಗುಳ್ಳೆಯೊಂದನ್ನು ಉಗುರಿಂದ ಒತ್ತಿದರು. ನಾಣ್ಯದಷ್ಟು ಅಗಲದ ಬಣ್ಣ ಪುಟ್ಟಿ ಸಮೇತ ಕಿತ್ತು ಕೈಗೆ ಬಂತು. ಹಿಂದೆ ಬಿಳೀ ಉಪ್ಪಿನ ಪುಡಿ. ಯಾರೂ ಏನೂ ಅನ್ನಲಿಲ್ಲ. ಆದರೆ ಅಲ್ಲಿಂದಾಚೆ ಅವರು ಮನೆ ನೋಡಿದ ರೀತಿಯೇ ಬೇರೆ. ಒಂದೊಂದೇ ನಲ್ಲಿ ತಿರುಗಿಸಿದರು, ಸಿಂಕ್ ಕೆಳಗೆ ಟಾರ್ಚ್ ಬಿಟ್ಟರು, ಹೊಸದಾಗಿ ಬಣ್ಣ ಹೊಡೆದ ಕಡೆಯೆಲ್ಲ ಗೋಡೆ ತಟ್ಟಿದರು.

ಮರುದಿನ ಬಂದ ಮಾತು, ನಾನು ಹೇಳಿದ್ದಕ್ಕಿಂತ ಶೇಕಡಾ 12 ಕಡಿಮೆ. ಆ ಗೋಡೆ ಸರಿಮಾಡಲು ಅದರ ಹತ್ತನೇ ಒಂದು ಪಾಲೂ ಬೇಕಿರಲಿಲ್ಲ. ಇನ್ನೂ ಏನೇನು ಮುಚ್ಚಿಟ್ಟಿದ್ದಾಳೋ ಅನ್ನೋ ಅನುಮಾನಕ್ಕೆ ಅವರು ಅಷ್ಟು ಮುರಿದುಕೊಂಡಿದ್ದರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಮುರಿದುಕೊಳ್ಳುತ್ತಿದ್ದೆ.

ಸದ್ಯಕ್ಕೆ ಮನೆ ತೋರಿಸೋದನ್ನೇ ನಿಲ್ಲಿಸಿದೆ. ತಂಗಿಯನ್ನು ಕರೆದು, "ಕೊಳ್ಳೋಕೆ ಬಂದವಳ ಥರ ನೋಡು, ಮುಲಾಜು ಬೇಡ" ಅಂದೆ. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, "ಅಕ್ಕಾ, ಮುಗ್ಗಲು ವಾಸನೆ ಹೊಡೀತಿದೆ, ನಿಂಗೆ ಗೊತ್ತಾಗಲ್ವಾ?" ಅಂದಳು. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ದಿನಾ ಇರುವ ವಾಸನೆಗೆ ಮೂಗು ಒಗ್ಗಿಹೋಗುತ್ತದೆ. ನಾನು ಹಚ್ಚಿಟ್ಟಿದ್ದ ಸುಗಂಧದ ಬತ್ತಿಯಿಂದ ಏನೋ ಮುಚ್ಚಿಡುತ್ತಿದ್ದೇನೆ ಅನ್ನೋದು ಇನ್ನೂ ಎದ್ದು ಕಾಣುತ್ತಿತ್ತಂತೆ.

ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿದ್ದೇ ಇಡೀ ಕೆಲಸದಲ್ಲಿ ದೊಡ್ಡ ಪಾಠ. ಮೊದಲು ಎಲ್ಲ ನಲ್ಲಿ ಬಂದ್ ಮಾಡಿ ನೀರಿನ ಮೀಟರ್ ಬರೆದುಕೊಂಡೆ. ಎರಡು ಗಂಟೆ ಬಿಟ್ಟು ನೋಡಿದರೆ ಮುಳ್ಳು ಅಲ್ಲಾಡಿರಲಿಲ್ಲ. ಅಂದರೆ ಗೋಡೆಯೊಳಗಿನ ನೀರಿನ ಪೈಪ್ ಒಡೆದಿಲ್ಲ. ಆಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿದೆ. ಇದು ಹಳೇ ಉಪಾಯ. ಹಾಳೆಯ ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯ ತೇವ, ಹಿಂದುಗಡೆ ಬೆವರಿದರೆ ಗೋಡೆಯೊಳಗಿನ ನೀರು. ಬೆಳಿಗ್ಗೆ ಹಾಳೆಯ ಹಿಂದೆ ಹನಿ ಕಟ್ಟಿತ್ತು.

ಗೋಡೆಯ ಆಚೆ ಬದಿಗೆ ಇರೋದು ಬಚ್ಚಲು. ಹಾಲ್ ಕಡೆಯ ತೇವದ ಗುರುತಿನ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಹತ್ತು ದಿನ ಆ ಬಚ್ಚಲಿಗೆ ಬೀಗ ಹಾಕಿದೆವು. ಗುರುತು ಗೆರೆಯಿಂದ ನಾಲ್ಕು ಬೆರಳು ಒಳಕ್ಕೆ ಸರಿಯಿತು. ಕಳ್ಳ ಸಿಕ್ಕಿದ. ನೆಲದ ಟೈಲ್ಸೂ ಗೋಡೆಯ ಟೈಲ್ಸೂ ಕೂಡುವ ಸಂದಿಗೆ ತುಂಬಿದ್ದ ಗಾರೆ, ಅಂದರೆ ಗ್ರೌಟ್, ಉದುರಿಹೋಗಿತ್ತು. ಸ್ನಾನದ ನೀರು ದಿನಾ ಅದೇ ದಾರಿಯಲ್ಲಿ ಇಳಿಯುತ್ತಿತ್ತು.

ಮೇಲಿಂದ ಸಂದಿಗೆ ಗ್ರೌಟ್ ತುಂಬಿದರೆ ಸಾಕು ಅಂತ ಒಬ್ಬ ಮೇಸ್ತ್ರಿ ಹೇಳಿದರು. ನನಗೆ ಧೈರ್ಯ ಸಾಲಲಿಲ್ಲ. ಕೆಳಗಿನ ಎರಡು ಸಾಲು ಟೈಲ್ಸ್ ತೆಗೆಸಿ, ಮೂಲೆಗೆ ವಾಟರ್‌ಪ್ರೂಫಿಂಗ್ ಕೋಟ್ ಹಾಕಿಸಿ, ನೀರು ಹೋಗುವ ತೂತು ಮುಚ್ಚಿ, ನೆಲದಲ್ಲಿ 24 ಗಂಟೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಹೊಸ ಟೈಲ್ಸ್ ಕೂರಿಸಿದ್ದು. ಪ್ರತಿ ಹಂತಕ್ಕೂ ಫೋನ್‌ನಲ್ಲಿ ಫೋಟೋ ತೆಗೆದೆ. ಆಗ ಅದು ಸುಮ್ನೆ ನನ್ನ ಸಮಾಧಾನಕ್ಕೆ.

ಹಾಲ್ ಕಡೆ ಹಾಳಾದ ಗಾರೆಯನ್ನೆಲ್ಲ ಕೆತ್ತಿಸಿ ಇಟ್ಟಿಗೆ ಕಾಣುವಂತೆ ಬಿಟ್ಟೆವು. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಗೋಡೆ ಒಣಗಲು ಇಂಚಿಗೊಂದು ತಿಂಗಳು ಅನ್ನೋ ಅಂದಾಜಿದೆ. ಅಷ್ಟು ಕಾಯುವ ತಾಳ್ಮೆ ನನಗಿರಲಿಲ್ಲ. ಫ್ಯಾನ್ ಇಟ್ಟು, ಕಿಟಕಿ ತೆರೆದು ಏಳು ವಾರ ಬಿಟ್ಟೆ. ಪ್ಲಾಸ್ಟಿಕ್ ಹಾಳೆ ಮತ್ತೆ ಅಂಟಿಸಿ, ಒಣಗಿದ್ದು ಖಾತ್ರಿಯಾದ ಮೇಲೆ ಗಾರೆ ಮಾಡಿಸಿದೆ. ಗಾರೆ ಗಟ್ಟಿಯಾಗಿ ಆರಲು ಇನ್ನೊಂದು ನಾಲ್ಕು ವಾರ. ಬಣ್ಣ ಕೊನೆಗೆ.

ಈ ಬಿಡುವಿನಲ್ಲಿ ಸಣ್ಣಪುಟ್ಟದ್ದು ಮುಗಿಸಿಕೊಂಡೆ. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡದೆ ಕಾದರೆ, ಕಮೋಡಿನಲ್ಲಿ ಬಣ್ಣ ಇಳಿದಿತ್ತು. ರಬ್ಬರ್ ಬದಲಾಯಿಸಿದೆ. ತೊಟ್ಟಿಕ್ಕುವ ನಲ್ಲಿಗೆ ವಾಷರ್, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ, ಕೂರದ ಚಿಲಕಕ್ಕೆ ಹೊಸ ಸ್ಕ್ರೂ. ಹಾಲ್‌ನಲ್ಲಿ ಒಂದು ಬಲ್ಬ್ ಹಳದಿ, ಇನ್ನೊಂದು ನೀಲಿ ಬಿಳುಪು ಇತ್ತು. ಡಬ್ಬಿ ಮೇಲೆ ಬೆಳಕಿನ ಬಣ್ಣದ ಅಳತೆ 2700 ಕೆ (ಕೆಲ್ವಿನ್), 6500 ಕೆ ಅಂತ ಬರೆದಿರುತ್ತದಲ್ಲ, ಅದೇ ವ್ಯತ್ಯಾಸ. ಎರಡನ್ನೂ ತೆಗೆದು 4000 ಕೆ ಹಾಕಿದ ಮೇಲೆ ಒಂದೇ ಬಣ್ಣದ ಗೋಡೆ ಒಂದೇ ಥರ ಕಂಡಿತು. ಕಪಾಟುಗಳಿಂದ ಅರ್ಧ ಸಾಮಾನು ಹೊರಗೆ ಹಾಕಿದೆ. ತುಂಬಿ ತುಳುಕುವ ಕಪಾಟು ಕಂಡರೆ ಈ ಮನೆಯಲ್ಲಿ ಜಾಗ ಸಾಲಲ್ಲ ಅನ್ಸುತ್ತೆ.

ಅಡುಗೆಮನೆ ಪೂರ್ತಿ ಹೊಸದು ಮಾಡಿಸು ಅಂತ ಮನೆಯವರೆಲ್ಲ ಹೇಳಿದರು. ನಾನು ಒಪ್ಪಲಿಲ್ಲ. ನನಗೆ ಇಷ್ಟವಾದ ಕಲ್ಲು, ನನಗೆ ಇಷ್ಟವಾದ ಬಣ್ಣ ಹಾಕಿಸಿ, ಬಂದವರು ಅದನ್ನು ಕಿತ್ತು ಹಾಕಲಿ ಅಂತ ಯಾಕೆ ದುಡ್ಡು ಸುರೀಬೇಕು? ಜಿಡ್ಡು ತೆಗೆಸಿ, ಹಿಡಿಕೆ ಬದಲಾಯಿಸಿ ಬಿಟ್ಟೆ.

ಮಲಗುವ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಕೂದಲೆಳೆಯಂಥ ಬಿರುಕೊಂದು ಇತ್ತು. ಕಿಟಕಿ ಮೂಲೆಗಳಲ್ಲಿ ಒತ್ತಡ ಜಾಸ್ತಿ, ಅಂಥ ಬಿರುಕು ಸಾಮಾನ್ಯ. ಪುಟ್ಟಿ ಹಾಕಿ ಮುಚ್ಚಲು ಐದು ನಿಮಿಷ ಸಾಕು. ಆದರೆ ಒಮ್ಮೆ ಕೈ ಸುಟ್ಟುಕೊಂಡವಳು ನಾನು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಹಾಕಿ ತಾರೀಕು ಬರೆದೆ. ಎರಡೂವರೆ ತಿಂಗಳಾದರೂ ಅದು ಗೆರೆ ದಾಟಲಿಲ್ಲ.

ಕಾಗದಪತ್ರದ ವಿಷಯ ಮೊದಲೇ ನೋಡಬೇಕಿತ್ತು, ನಾನು ಕೊನೆಗೆ ನೋಡಿದೆ. ಪತ್ರದಲ್ಲಿ ನಮ್ಮ ತಂದೆಯ ಹೆಸರು ಒಂದಕ್ಷರ ತಪ್ಪಾಗಿತ್ತು. ಅದನ್ನು ತಿದ್ದಿಸಲು ಗೋಡೆಗಿಂತ ಹೆಚ್ಚು ಓಡಾಟ ಆಯಿತು. ಸಾಲ ತೀರಿದ ಪತ್ರ, ತೆರಿಗೆ ರಶೀದಿ, ನಕ್ಷೆ ಎಲ್ಲ ಒಂದು ಫೈಲಿಗೆ ಹಾಕಿ, ಮೇಲೆ ಬಚ್ಚಲು ರಿಪೇರಿಯ ಬಿಲ್ಲು, ಫೋಟೋಗಳ ಪ್ರಿಂಟು ಇಟ್ಟೆ.

ಎರಡನೇ ಸಲ ಮನೆ ತೋರಿಸಲು ಶುರು ಮಾಡಿದಾಗ, ಹಾಲ್‌ಗೆ ಬಂದವರಿಗೆ ಆ ಗೋಡೆಯ ಕಥೆ ನಾನೇ ಹೇಳುತ್ತಿದ್ದೆ. ಒಡೆದ ಗೋಡೆಯ ಫೋಟೋ ತೋರಿಸೋದು ಹುಚ್ಚುತನ ಅಂತ ತಂಗಿ ಬೈದಳು. ಇಬ್ಬರು ಹಾಗೇ ವಾಪಸ್ ಹೋದರು ಕೂಡ. ಮೂರನೆಯವರು ವಯಸ್ಸಾದ ಹಿರಿಯರು. ಫೋಟೋಗಳನ್ನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು. ಅಡುಗೆಮನೆ ಹಳೇದು ಅಂತ ಚೌಕಾಸಿ ಮಾಡಿ ಶೇಕಡಾ 3 ಇಳಿಸಿದರು. ನಾನು ಒಪ್ಪಿದೆ.

ಬೀಗದ ಕೈ ಕೊಡುವ ದಿನ ಮನೆ ಗುಡಿಸಿ, ಉಳಿದ ಬಣ್ಣದ ಡಬ್ಬ ಒಪ್ಪಿಸಿದೆ. ಕಿಟಕಿ ಪಕ್ಕದ ಪೆನ್ಸಿಲ್ ಗೆರೆ ಅಳಿಸೋಣ ಅಂತ ರಬ್ಬರ್ ತೆಗೆದಾಗ, ಅವರು ಹಿಂದಿನಿಂದ, "ಇರಲಿ ಬಿಡಮ್ಮಾ, ಇನ್ಮೇಲೆ ನಾನು ನೋಡ್ಕೋತೀನಿ" ಅಂದರು.