ಓಡಾಟದ ಜಾಗಕ್ಕೆ ಕಲ್ಲು: ಹಾಸುವ ಮುಂಚೆ ಸವೆತ ನೋಡುವ ಬಗೆ

ನೆಲದ ಕಲ್ಲನ್ನು ಸವೆಸುವುದು ಚಪ್ಪಲಿಗೆ ಅಂಟಿ ಬರುವ ಮರಳು. ಮರಳಿನಲ್ಲಿರುವ ಬೆಣಚಿನ ಗಡಸುತನ ಮೋಸ್ ಮಾಪಕದಲ್ಲಿ (ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಪಟ್ಟಿ) 7. ಶಹಾಬಾದ್, ಕಡಪ, ಕೋಟಾ ಮೂರೂ ಸುಣ್ಣಕಲ್ಲುಗಳು. ಅವುಗಳ ಮುಖ್ಯ ಖನಿಜ ಕ್ಯಾಲ್ಸೈಟ್ ಬರೀ 3. ಮಾರ್ಬಲ್ಲೂ ಅಷ್ಟೇ. ಗ್ರಾನೈಟ್‌ನಲ್ಲಿರುವುದು ಫೆಲ್ಡ್‌ಸ್ಪಾರ್ (6) ಮತ್ತು ಬೆಣಚು. ದಾವಣಗೆರೆಯ ಮಂಡಕ್ಕಿ ಭಟ್ಟಿಯಂಥ ಕಡೆ, ಹುರಿಯುವ ಮರಳು ದಿನವೂ ನೆಲಕ್ಕೆ ಚೆಲ್ಲುವಲ್ಲಿ, ಶಹಾಬಾದ್ ಹಾಸಿದರೆ ನಡೆದಾಡುವ ದಾರಿಯಷ್ಟೇ ತಗ್ಗಾಗುತ್ತದೆ. ಅದೇ ಕಲ್ಲು ಮನೆಯ ಒಳಕೋಣೆಗೆ ಧಾರಾಳ ಸಾಕು.

ಕೆತ್ತನೆಗೆ ಒಳ್ಳೆಯ ಕಲ್ಲು ತುಳಿತಕ್ಕೂ ಒಳ್ಳೆಯದೆಂದು ಭಾವಿಸಬೇಡಿ. ಹರಿಹರದ 1224ರ ಹರಿಹರೇಶ್ವರ ದೇವಾಲಯಕ್ಕೆ ಬಳಸಿದ ಮೆದುವಾದ ಬಳಪದ ಕಲ್ಲು ಕಂಬಕ್ಕೆ, ವಿಗ್ರಹಕ್ಕೆ ಒಪ್ಪುತ್ತದೆ. ಹೊಸ್ತಿಲಿಗೆ, ಮೆಟ್ಟಿಲಿಗೆ ಚಿತ್ರದುರ್ಗದ ಕೋಟೆಯಲ್ಲಿ ಕಾಣುವಂಥ ಗ್ರಾನೈಟೇ ಬೇಕು. ಅದರಲ್ಲೂ ಬಿಸಿಲು ಮಳೆಗೆ ಹಣ್ಣಾದ ಮೇಲ್ಪದರದ ಕಲ್ಲು ಬೇಡ. ಫೆಲ್ಡ್‌ಸ್ಪಾರ್ ಮಣ್ಣಾಗಿ, ಉಜ್ಜಿದರೆ ಹರಳು ಉದುರುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನದೆ ದಬ್ ಎಂದರೆ ಬಿಟ್ಟುಬಿಡಿ.

ಅಂಗಡಿಯಲ್ಲಿ ಎರಡು ಪರೀಕ್ಷೆ ಸಾಕು. ಉಕ್ಕಿನ ಚಾಕುವಿನ ಮೊನೆಯಿಂದ ಗೀರಿ: ಬಿಳಿ ಪುಡಿ ಎದ್ದು ಗುಳಿ ಬಿದ್ದರೆ ಮೆದು ಕಲ್ಲು, ಚಾಕುವಿನ ಲೋಹವೇ ಬೂದುಗೆರೆಯಾಗಿ ಉಳಿದರೆ ಗಟ್ಟಿ ಕಲ್ಲು. ಆಮೇಲೆ ಕಲ್ಲಿನ ಹಿಂಬದಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಒಂದು ಹನಿ ಬಿಡಿ. ನೊರೆ ಎದ್ದರೆ ಸುಣ್ಣಕಲ್ಲು. ಪಾಲಿಶ್ ಮಾಡಿದ ಕಡಪವನ್ನು ಕಪ್ಪು ಗ್ರಾನೈಟ್‌ನಿಂದ ಬೇರೆ ಮಾಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಮುಂಬದಿಗೆ ಹಾಕಿದರೆ ಹೊಳಪು ಹೋಗುತ್ತದೆ, ಅಂಗಡಿಯವರ ಜೊತೆ ಜಗಳವೂ ಆಗುತ್ತದೆ.

ಹೆಚ್ಚು ಕಲ್ಲು ಕೊಳ್ಳುವುದಿದ್ದರೆ ಉಜ್ಜಿಯೇ ನೋಡಿ. ಪ್ರತಿ ಬಗೆಯಿಂದ 10 × 10 ಸೆಂ.ಮೀ. ತುಂಡು ಕತ್ತರಿಸಿ, ಪೂರ್ತಿ ಒಣಗಿಸಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಸಪಾಟಾದ ದಪ್ಪ ಕಬ್ಬಿಣದ ತಗಡಿನ ಮೇಲೆ 80 ನಂಬರಿನ ಕಾರ್ಬೋರಂಡಮ್ ಪುಡಿ (ಕಲ್ಲು ಉಜ್ಜುವ ಗಡಸು ಪುಡಿ) 20 ಗ್ರಾಂ, ಸ್ವಲ್ಪ ನೀರು ಹಾಕಿ. ತುಂಡನ್ನು ಮುಖ ಕೆಳಗಾಗಿ ಇಟ್ಟು, ಮೇಲೆ 2 ಕೆ.ಜಿ. ತೂಕದ ಬಟ್ಟು ಹೇರಿ 50 ಸಲ ಉಜ್ಜಿ. ಹಳೇ ಪುಡಿ ತೊಳೆದು ಹೊಸದು ಹಾಕಿ, ತುಂಡನ್ನು ಕಾಲು ಸುತ್ತು ತಿರುಗಿಸಿ ಮತ್ತೆ 50. ಹೀಗೆ 200 ಸಲ. ತೊಳೆದು, ಒಣಗಿಸಿ ತೂಗಿ. ಗ್ರಾನೈಟ್, ಸುಣ್ಣಕಲ್ಲು ಎರಡೂ ಘನ ಸೆಂ.ಮೀ.ಗೆ ಸುಮಾರು 2.7 ಗ್ರಾಂ ತೂಗುವುದರಿಂದ, ಈ ಅಳತೆಯ ತುಂಡಿನಲ್ಲಿ 27 ಗ್ರಾಂ ಕಡಿಮೆಯಾದರೆ 1 ಮಿ.ಮೀ. ಸವೆದಂತೆ. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಮೊದಲ ತೂಕದ ಹೊತ್ತಿಗೆ ಕಲ್ಲಿನಲ್ಲಿ ತೇವ ಉಳಿದಿದ್ದರೆ ಆರಿದ ನೀರೂ ಸವೆತದಂತೆ ಕಾಣುತ್ತದೆ, ಪುಡಿ ಬದಲಿಸದಿದ್ದರೆ ಅದರ ಮೊನೆ ಮುರಿದು ಮೆದು ಕಲ್ಲೂ ಗಟ್ಟಿಯಂತೆ ತೋರುತ್ತದೆ.

ಇದು ಕಲ್ಲುಗಳನ್ನು ಒಂದಕ್ಕೊಂದು ಹೋಲಿಸಲಷ್ಟೆ. ಟೆಂಡರ್ ಕೆಲಸಕ್ಕೆ ಲ್ಯಾಬಿನಲ್ಲಿ ಕಲ್ಲಿನ ಸವೆತ ಪರೀಕ್ಷೆಯ ಭಾರತೀಯ ಮಾನಕ ಐಎಸ್ 1706 ಪ್ರಕಾರ ಮಾಡಿಸಿ. ಲ್ಯಾಬಿನ ಅಂಕಿಗೆ ಅಂದಾಜು ಬೇಕಾದರೆ, ಸಿಮೆಂಟ್ ಟೈಲ್ಸ್‌ನ ಐಎಸ್ 1237ರಲ್ಲಿ ಸರಾಸರಿ ಸವೆತದ ಮಿತಿ ಸಾಮಾನ್ಯ ಬಳಕೆಗೆ 3.5 ಮಿ.ಮೀ., ಭಾರೀ ಬಳಕೆಗೆ 2 ಮಿ.ಮೀ.

ಒಂದೇ ನಡೆದಾರಿಯಲ್ಲಿ ಗ್ರಾನೈಟ್ ಪಟ್ಟಿಯ ನಡುವೆ ಶಹಾಬಾದ್ ಕೂರಿಸುವ ವಿನ್ಯಾಸ ಚೆಂದ ಕಾಣುತ್ತದೆ, ಆದರೆ ಬೇಡ. ಮೆದುವಾದದ್ದು ಮೊದಲು ತಗ್ಗಿ, ಗ್ರಾನೈಟ್ ಅಂಚು ಎದ್ದು ಕಾಲು ಎಡವುತ್ತದೆ. ಹೊರಗಿನ ಮೆಟ್ಟಿಲಿಗೆ ಪಾಲಿಶ್ ಬದಲು ಫ್ಲೇಮ್ ಫಿನಿಶ್ (ಬೆಂಕಿಯ ಜ್ವಾಲೆಯಿಂದ ಮೇಲ್ಮೈ ಒರಟು ಮಾಡಿದ) ಗ್ರಾನೈಟ್ ಹಾಕಿ, ಮುಂಚೂಣಿ ಅಂಚನ್ನು ಸ್ವಲ್ಪ ಉರುಟು ಮಾಡಿಸಿ. ಮೂಲೆ ಚಕ್ಕೆ ಏಳುತ್ತಿದ್ದರೆ ಸವೆತವನ್ನು ದೂರಬೇಡಿ. ಬಹುತೇಕ ಕೆಳಗೆ ಗಾರೆ ತುಂಬದೆ ಟೊಳ್ಳು ಉಳಿದಿರುತ್ತದೆ.

ಬಾಗಿಲಾಚೆ ಎರಡು ಹೆಜ್ಜೆ ಬೀಳುವಷ್ಟು ಉದ್ದದ ಒರಟು ಮ್ಯಾಟ್ ಹಾಸಿ, ಅದನ್ನು ದಿನವೂ ಕೊಡವಿ. ಸುಣ್ಣಕಲ್ಲಿಗೆ ಆ್ಯಸಿಡ್ ತಾಗಿಸಬೇಡಿ. ಹೋಟೆಲಿನಲ್ಲಿ ಚೆಲ್ಲಿದ ಹುಣಸೆ, ನಿಂಬೆರಸವೂ ಅದರ ಹೊಳಪು ತಿನ್ನುತ್ತದೆ. ಹೊಳಪು ಮಾತ್ರ ಹೋಗಿದ್ದರೆ ಪಾಲಿಶ್ ಮಷಿನ್ ಸಾಕು. ನೀರು ನಿಲ್ಲುವಷ್ಟು ತಗ್ಗಾಗಿದ್ದರೆ ಆ ಚಪ್ಪಡಿಯನ್ನೇ ಎಬ್ಬಿಸಿ ಬದಲಿಸಿ.